ಎಲ್ಲೆಯ ಭತ್ತ: ಚಿಕ್ಕೋಡಿ ಸೀಮೆಯಲ್ಲಿ ತಳಿಯ ಆಯ್ಕೆಯೂ ಬೇಸಾಯದ ಪದ್ಧತಿಯೂ

ಕರ್ನಾಟಕದ ವ್ಯವಸಾಯದ ಇತಿಹಾಸವನ್ನು ಬರೆಯುವವರು ಭತ್ತದ ಮಾತು ಬಂದಾಗ ಮಲೆನಾಡು, ಕರಾವಳಿ ಹಾಗೂ ಕಾವೇರಿ–ತುಂಗಭದ್ರೆಗಳ ಕಾಲುವೆಯ ಪ್ರದೇಶಗಳ ಕಡೆಗೆ ದೃಷ್ಟಿ ಹರಿಸುವುದು ವಾಡಿಕೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳು ಜೋಳ, ತಂಬಾಕು, ಕಬ್ಬುಗಳಿಗೆ ಹೆಸರಾದ ಸೀಮೆ. ಇಲ್ಲಿ ಭತ್ತವು ಪಶ್ಚಿಮದ ಅಂಚಿನಲ್ಲಿಯೂ ನೀರು ನಿಲ್ಲುವ ತಗ್ಗುಗಳಲ್ಲಿಯೂ ಮಾತ್ರ ಉಳಿದುಕೊಂಡ ಅಲ್ಪ ಬೆಳೆ. ಆದರೂ ನಾವು ಈ ಪ್ರಬಂಧಕ್ಕೆ ಈ ಸೀಮೆಯನ್ನೇ ಆರಿಸಿಕೊಂಡಿದ್ದೇವೆ. ಒಂದು ಬೆಳೆಯು ಹುಲುಸಾಗಿ ಬೆಳೆಯುವ ಕಡೆ ರೈತನು ಅದರ ವಿಷಯದಲ್ಲಿ ಹಲವು ತಪ್ಪುಗಳನ್ನು ಮಾಡಿಯೂ ಬದುಕಬಹುದು. ಆ ಬೆಳೆಯು ಮುಗಿದು ಮತ್ತೊಂದು ಬೆಳೆ ಆರಂಭವಾಗುವ ಎಲ್ಲೆಯಲ್ಲಿ ತಳಿಯ ಆಯ್ಕೆಯು ತಪ್ಪಿದರೆ ಆ ವರ್ಷದ ಕಾಳೇ ಇಲ್ಲವಾಗುತ್ತದೆ. ಆದುದರಿಂದ ಆಯ್ಕೆಯ ಹಿಂದಿನ ವಿಚಾರವು ಎಲ್ಲೆಯ ನೆಲದಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ನೆಲದ ವಿಚಾರ. ಬೆಳಗಾವಿ ಜಿಲ್ಲೆಯ ನೈಋತ್ಯದಲ್ಲಿ ಖಾನಾಪುರವು ಸಹ್ಯಾದ್ರಿಯ ಮಗ್ಗುಲಲ್ಲಿದೆ. ಅಲ್ಲಿ ಮಳೆ ಧಾರಾಳ, ಭತ್ತವೇ ಮುಖ್ಯ ಬೆಳೆ. ಪೂರ್ವಕ್ಕೂ ಉತ್ತರಕ್ಕೂ ಸರಿದಂತೆ ಮಳೆ ಬಹು ಬೇಗ ಕುಗ್ಗುತ್ತದೆ. ಅಥಣಿಯ ಕಡೆ ವರ್ಷಕ್ಕೆ ಸುಮಾರು 600 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಮಳೆಯಾಗುತ್ತದೆ. ವ್ಯವಸಾಯ ಹವಾಮಾನದ ಇಂದಿನ ವಿಂಗಡಣೆಯು ಇದನ್ನೇ ಹೇಳುತ್ತದೆ: ಖಾನಾಪುರವು ಗುಡ್ಡಗಾಡು ವಲಯಕ್ಕೂ, ಚಿಕ್ಕೋಡಿ–ಹುಕ್ಕೇರಿಗಳು ಉತ್ತರ ಸಂಕ್ರಮಣ ವಲಯಕ್ಕೂ, ರಾಯಬಾಗ–ಅಥಣಿಗಳು ಉತ್ತರ ಒಣ ವಲಯಕ್ಕೂ ಸೇರಿವೆ. ಸಂಕ್ರಮಣ ಎಂಬ ಹೆಸರು ಬಹಳ ತಕ್ಕುದಾಗಿದೆ. ಮಳೆಗಾಲದ ಭತ್ತವು ಹಿಂಗಾರಿನ ಬಿಳಿಜೋಳಕ್ಕೆ ಸ್ಥಾನ ಬಿಟ್ಟುಕೊಡುವ ಗೆರೆಯು ಈ ಸೀಮೆಯ ನಡುವೆಯೇ ಹಾಯುತ್ತದೆ.

ಈ ಗೆರೆಯು ಹೊಸದಲ್ಲ. ನಮ್ಮ ಶಾಸನಗಳು ದಾನದ ಭೂಮಿಯನ್ನು ಹೇಳುವಾಗ ಗದ್ದೆ, ಬೆದ್ದಲೆ, ತೋಂಟ ಎಂದು ವಿಂಗಡಿಸಿ ಹೇಳುತ್ತವೆ. ನೀರು ನಿಲ್ಲುವ ನೆಲ, ಮಳೆಯನ್ನೇ ನಂಬಿದ ಒಣ ನೆಲ, ನೀರೆತ್ತಿ ಬೆಳೆಯುವ ನೆಲ ಎಂಬ ಈ ಮೂರು ಭೇದಗಳು ಹೆಸರು ಬದಲಿಸಿಕೊಂಡು ಮುಂದೆ ಬ್ರಿಟಿಷರ ಕಂದಾಯ ಮೋಜಣಿಯಲ್ಲಿಯೂ ಕಾಣಿಸಿಕೊಂಡವು. ಮುಂಬಯಿ ಇಲಾಖೆಯ ಮೋಜಣಿಗೆ 1847ರ ಜಂಟಿ ವರದಿಯು ನಿಯಮಗಳನ್ನು ಹಾಕಿಕೊಟ್ಟಿತು. ಜಿರಾಯತಿ, ಭತ್ತದ ಜಮೀನು, ಬಾಗಾಯತಿ ಎಂಬ ಮೂರು ವರ್ಗಗಳ ಮೇಲೆ ಆಕಾರವನ್ನು ಗೊತ್ತುಪಡಿಸಲಾಗುತ್ತಿತ್ತು. ಭತ್ತದ ಜಮೀನಿನಲ್ಲಿ ಮಣ್ಣಿನ ಗುಣದ ಜೊತೆಗೆ ನೀರಿನ ಅನುಕೂಲಕ್ಕೂ ಬೆಲೆ ಕಟ್ಟುತ್ತಿದ್ದರು. ಹೀಗಾಗಿ ಗದ್ದೆಯ ಒಡೆಯನು ಮಳೆ ಬಂದರೂ ಬಾರದಿದ್ದರೂ ನೀರಿನ ಹೆಸರಿನಲ್ಲಿ ಹೆಚ್ಚಿನ ಕಂದಾಯಕ್ಕೆ ಬಾಧ್ಯನಾಗುತ್ತಿದ್ದನು. ಎಲ್ಲೆಯ ಸೀಮೆಯ ರೈತನಿಗೆ ಕೈಕೊಡದ ತಳಿಯೊಂದು ಬೇಕಾಗುವುದಕ್ಕೆ ಇದೂ ಒಂದು ಕಾರಣ.

ಈ ದಾಖಲೆಗಳನ್ನು ಬಳಸುವಾಗ ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಈ ಸೀಮೆಯು ಒಂದೇ ಆಡಳಿತದಲ್ಲಿ ಇರಲಿಲ್ಲ. ಚಿಕ್ಕೋಡಿ ಮತ್ತು ಅಥಣಿಗಳು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯ ತಾಲೂಕುಗಳಾಗಿದ್ದರೆ, ಶಾಸನಗಳಲ್ಲಿ ಹೂವಿನಬಾಗೆ ಎನಿಸಿದ ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. 1884ರ ಬೆಳಗಾವಿ ಗ್ಯಾಝೆಟಿಯರನ್ನು ನೋಡಿದವರು ರಾಯಬಾಗಕ್ಕಾಗಿ 1886ರ ಕೊಲ್ಲಾಪುರದ ಸಂಪುಟವನ್ನು ತೆರೆಯಬೇಕಾಗುತ್ತದೆ. 1949ರಲ್ಲಿ ಕೊಲ್ಲಾಪುರವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ನಿಪ್ಪಾಣಿ, ಕಾಗವಾಡಗಳು ಪ್ರತ್ಯೇಕ ತಾಲೂಕುಗಳಾದದ್ದು ತೀರ ಈಚೆಗೆ. ಎರಡನೆಯದಾಗಿ, ಬೆಳೆಯ ಅಂಕಿ ಅಂಶಗಳು ‘ಭತ್ತ’ ಎಂಬ ಒಂದೇ ತಲೆಬರಹದ ಕೆಳಗೆ ಎಕರೆಗಳನ್ನು ಎಣಿಸಿದವು. ಸರಕಾರಕ್ಕೆ ಬೇಕಾದದ್ದು ಕ್ಷೇತ್ರ ಮತ್ತು ಇಳುವರಿ. ರೈತನಿಗೆ ಮುಖ್ಯವಾದದ್ದು ಯಾವ ಭತ್ತ ಎಂಬುದು. ಈ ಎರಡರ ನಡುವಿನ ಅಂತರದಲ್ಲಿಯೇ ತಳಿಗಳ ಇತಿಹಾಸವು ಕಣ್ಮರೆಯಾಗಿದೆ.

ತಳಿಗಳನ್ನು ಹೆಸರಿಟ್ಟು ಗುರುತಿಸುವ ಪದ್ಧತಿಯು ನಮ್ಮಲ್ಲಿ ಬಹು ಪ್ರಾಚೀನವಾದದ್ದು. ಕುಂಡಿ ಮೂರುಸಾಸಿರವನ್ನು ಒಳಗೊಂಡಿದ್ದ ಕಲ್ಯಾಣ ಚಾಲುಕ್ಯ ರಾಜ್ಯದ ಅರಸನಾದ ಮೂರನೆಯ ಸೋಮೇಶ್ವರನು (1126–1138) ತನ್ನ ಮಾನಸೋಲ್ಲಾಸದಲ್ಲಿ ಅಕ್ಕಿಯ ಬಗೆಗಳನ್ನು ಹೇಳಿದ್ದಾನೆ. ರಕ್ತಶಾಲಿ, ಮಹಾಶಾಲಿ, ಗಂಧಶಾಲಿ, ಸ್ಥೂಲಶಾಲಿ, ಸೂಕ್ಷ್ಮಶಾಲಿ, ಷಷ್ಟಿಕ ಮೊದಲಾದವು ಅವುಗಳಲ್ಲಿ ಸೇರಿವೆ. ಈ ಹೆಸರುಗಳನ್ನು ಗಮನಿಸಿದರೆ ಕೆಲವು ಬಣ್ಣದಿಂದ, ಕೆಲವು ಗಾತ್ರದಿಂದ, ಒಂದು ಪರಿಮಳದಿಂದ ಬಂದವೆಂಬುದು ತಿಳಿಯುತ್ತದೆ. ಇವೆಲ್ಲ ಉಣ್ಣುವವನ ಗುರುತುಗಳು. ಷಷ್ಟಿಕವೊಂದು ಮಾತ್ರ ಬೆಳೆಯುವವನ ಗುರುತು. ಅರುವತ್ತು ದಿನಗಳಲ್ಲಿ ಮಾಗುವುದೆಂಬುದು ಅದರ ಅರ್ಥ. ಪಾಣಿನಿಯ ಸೂತ್ರದಲ್ಲಿಯೂ ಈ ಪದವು ಇದೇ ಅರ್ಥದಲ್ಲಿ ಬಂದಿದೆ. ಅರಮನೆಯ ಅಡುಗೆಮನೆಗೆ ಬಣ್ಣವೂ ಗಂಧವೂ ಮುಖ್ಯವಾದರೆ, ಎಲ್ಲೆಯ ಗದ್ದೆಗೆ ದಿನಗಳ ಲೆಕ್ಕವೇ ಮುಖ್ಯ.

ಆ ಲೆಕ್ಕವನ್ನು ರೈತನು ಮಳೆಯ ನಕ್ಷತ್ರಗಳಿಂದ ಹಾಕುತ್ತಿದ್ದನು. ಜೂನ್ 8ರ ಸುಮಾರಿಗೆ ಕೂಡುವ ಮೃಗಶಿರಾದಿಂದ ಅಕ್ಟೋಬರ್ 10ರ ಸುಮಾರಿಗೆ ಮುಗಿಯುವ ಹಸ್ತದವರೆಗೆ ಒಂಬತ್ತು ಮಳೆಗಳು. ಒಟ್ಟು ಹೆಚ್ಚು ಕಡಿಮೆ 124 ದಿನಗಳು. ಖಾನಾಪುರದ ಕಡೆ ಸಸಿಮಡಿ ಮಾಡಿ ನಾಟಿ ಹಚ್ಚಲು ಅವಕಾಶವುಂಟು. ಅದರ ಪೂರ್ವಕ್ಕೆ, ಬೆಳಗಾವಿ–ಧಾರವಾಡಗಳ ಸಂಕ್ರಮಣದ ಪಟ್ಟಿಯಲ್ಲಿ, ನಾಟಿಗೆ ನೀರು ಕೂಡುವವರೆಗೆ ಕಾದರೆ ಕೊನೆಯ ಮಳೆಗಳು ತಪ್ಪುತ್ತವೆ. ಆದುದರಿಂದ ಇಲ್ಲಿ ಕೂರಿಗೆಯ ಭತ್ತದ ಪದ್ಧತಿಯು ಬೆಳೆದು ಬಂದಿತು. ಬೇಸಿಗೆಯಲ್ಲಿ ನೇಗಿಲು ಹೊಡೆದು, ಹೆಂಟೆ ಒಡೆದು, ಕುಂಟೆಯಿಂದ ಹದ ಮಾಡಿದ ಒಣ ಮಣ್ಣಿನಲ್ಲಿ ರೋಹಿಣಿ ಅಥವಾ ಮಿರಗದ ಹಸಿಗೆ ಕೂರಿಗೆಯಿಂದ ಬೀಜ ಬಿತ್ತುವುದು. ಸಸಿಗಳು ಎದ್ದ ಮೇಲೆ ಸಾಲುಗಳ ನಡುವೆ ಎಡೆ ಹೊಡೆಯುವುದು. ಪುನರ್ವಸು–ಪುಷ್ಯಗಳ ಮಳೆಗೆ ಒಡ್ಡು ಕಟ್ಟಿ ನೀರು ನಿಲ್ಲಿಸುವುದು. ಜೋಳದ ಹೊಲದಂತೆ ಆರಂಭವಾಗಿ ಗದ್ದೆಯಾಗಿ ಮುಗಿಯುವ ಬೇಸಾಯವಿದು. ಸಾಲಿನ ಬಿತ್ತನೆಗೆ ಮತ್ತೊಂದು ಪ್ರಯೋಜನವೂ ಉಂಟು. ಎಳೆಯ ಭತ್ತವನ್ನೂ ಹುಲ್ಲಿನ ಕಸವನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟ. ಸಾಲಿನ ಹೊರಗೆ ಎದ್ದದ್ದೆಲ್ಲ ಕಸವೆಂದು ನಿಶ್ಚಯವಾದಾಗ ಎಡೆಕುಂಟೆಯ ಕೆಲಸ ಸುಲಭವಾಗುತ್ತದೆ.

ಇಂತಹ ಬೇಸಾಯಕ್ಕೆ ಎಲ್ಲ ಭತ್ತವೂ ಒದಗುವುದಿಲ್ಲ. ಮೊದಲ ಒಂದೂವರೆ ತಿಂಗಳು ನೀರಿನ ಕೊರತೆಯನ್ನೂ, ಮುಂದಿನ ದಿನಗಳಲ್ಲಿ ನಿಂತ ನೀರನ್ನೂ ತಾಳಬೇಕು. ಕಸದೊಡನೆ ಪೈಪೋಟಿಯಿಂದ ಎತ್ತರಕ್ಕೆ ಏಳಬೇಕು. ದನಗಳಿಗೆ ಹುಲ್ಲನ್ನು ಕೊಡಬೇಕು. ದಿಬ್ಬದ ಗದ್ದೆಗೆ ಬೇಗ ಮಾಗುವ ಭತ್ತ, ತಗ್ಗಿನ ಗದ್ದೆಗೆ ತಡವಾಗಿ ಮಾಗುವ ಭತ್ತ ಎಂಬ ನಿಯಮವು ಇದರಿಂದಲೇ ಹುಟ್ಟಿತು. ಹಳೆಯ ತಳಿಗಳಲ್ಲಿ ಹಲವು ಹಗಲು ಕುಗ್ಗಿದಾಗ ಮಾತ್ರ ತೆನೆ ಹಾಯುವ ಸ್ವಭಾವದವು. ಬಿತ್ತನೆ ಹದಿನೈದು ದಿನ ಹಿಂದುಮುಂದಾದರೂ ಅವು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಹೂ ಬಿಡುತ್ತವೆ. ಮಿರಗವು ತಡವಾಗಿ ಬಂದ ವರ್ಷವೂ ಹೂವು ತನ್ನ ಮಳೆಗೆ ಸಿಗುವಂತೆ ಮಾಡಿದ ಗುಣವಿದು.

ಬೀಜದ ಆಯ್ಕೆಯು ಬೆಳೆ ನಿಂತಿರುವಾಗಲೇ ಆರಂಭವಾಗುತ್ತಿತ್ತು. ಸಮನಾಗಿ ಮಾಗಿದ, ಜೊಳ್ಳಿಲ್ಲದ, ಬೇರೆ ಬಗೆ ಬೆರೆಯದ ತೆನೆಗಳನ್ನು ಕೊಯ್ಲಿಗೆ ಮೊದಲೇ ಆರಿಸಿ ಬೇರೆಯಾಗಿ ಬಡಿದು, ಬಿಸಿಲಿಗೆ ಒಣಗಿಸಿ, ಬೂದಿ ಅಥವಾ ಬೇವಿನ ಎಲೆ ಬೆರೆಸಿ ಇಡುವುದು ವಾಡಿಕೆ. ಊಟದ ಕಾಳು ಕಣದಿಂದ ಹಗೇವಿಗೆ ಹೋಗುತ್ತಿತ್ತು. ಬೀಜದ ಕಾಳು ಮನೆಯೊಳಗೆ ಬರುತ್ತಿತ್ತು. ಮನೆಯೊಳಗಿನ ಈ ಬೀಜದ ಕಾವಲು ಬಹುಮಟ್ಟಿಗೆ ಹೆಂಗಸರದು. ಆಯ್ದು, ಕೇರಿ, ಕುಟ್ಟಿ, ಬೇಯಿಸುವವರು ಅವರೇ ಆದುದರಿಂದ ಯಾವ ಭತ್ತವು ಕುಟ್ಟುವಾಗ ನುಚ್ಚಾಗುತ್ತದೆ, ಯಾವುದು ಅವಲಕ್ಕಿ–ಚುರಮುರಿಗಳಿಗೆ ಒದಗುತ್ತದೆ ಎಂಬ ತೀರ್ಪೂ ಅವರದೇ ಆಗಿತ್ತು. ರೊಟ್ಟಿಯೇ ನಿತ್ಯದ ಊಟವಾಗಿ ಅನ್ನವು ಹಬ್ಬಕ್ಕೆ ಮೀಸಲಾಗಿದ್ದ ಸೀಮೆಯಲ್ಲಿ ಈ ತೀರ್ಪಿಗೆ ಹೆಚ್ಚಿನ ಗೌರವವಿತ್ತು.

ಸರಕಾರದ ಕೃಷಿ ಇಲಾಖೆಯು ತಳಿಯ ಕೆಲಸಕ್ಕೆ ಕೈಹಾಕಿದಾಗ ಅದು ಈ ಭಂಡಾರವನ್ನೇ ಆಶ್ರಯಿಸಿತು. ಧಾರವಾಡದ ಬಳಿಯ ಮುಗದ ಗ್ರಾಮದ ಕೇಂದ್ರದಲ್ಲಿ ಕೂರಿಗೆ ಭತ್ತದ ಸ್ಥಳೀಯ ಬಗೆಗಳಿಂದ ಶುದ್ಧ ಸಾಲುಗಳನ್ನು ಬೇರ್ಪಡಿಸಲಾಯಿತು. ಮುಗದ-161, ಮುಗದ-249 ಮೊದಲಾದವು ಹೀಗೆ ಹೊರಬಂದವು. ಅಥಣಿಯ ಜೋಳದ ಹೊಲಗಳ ಕಥೆಯೂ ಇಂತಹದೇ. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಮಾಲದಂಡಿಯಿಂದ ಆರಿಸಿದ ಎಂ-35-1 ಎಂಬ ಹಿಂಗಾರಿ ಜೋಳವು ಇಂದಿಗೂ ವಿಸ್ತಾರವಾಗಿ ಬಿತ್ತನೆಯಾಗುತ್ತಿದೆ.

ಒಂದೇ ಬಗೆಯ ಆಯ್ಕೆಯಿಂದ ಬಂದ ಜೋಳ ಉಳಿದು ಭತ್ತವೇಕೆ ಹಿಂಜರಿಯಿತು? ಜೋಳದ ಹೊಲದಲ್ಲಿ ನೀರಿನ ಪರಿಸ್ಥಿತಿಯು ಬಹುಕಾಲ ಬದಲಾಗಲಿಲ್ಲ. ಆದುದರಿಂದ ಹಳೆಯ ಅಳತೆಗೋಲೂ ಉಳಿಯಿತು. ಗದ್ದೆಯ ತಗ್ಗುಗಳಿಗಾದರೋ ನೀರು ಬಂದಿತು, ನೀರಿನೊಡನೆ ಕಬ್ಬು ಬಂದಿತು. 1939ರಲ್ಲಿ ಉಗಾರದ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾಯಿತು. ಮುಂದೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳಿಂದ ಏತ ನೀರಾವರಿಯೂ, ಹಿಡಕಲ್ ಜಲಾಶಯದ ಕಾಲುವೆಗಳೂ ಹರಡಿದವು. ನಿಪ್ಪಾಣಿಯಲ್ಲಿ ಬೀಡಿ ತಂಬಾಕಿನ ತಳಿಗಳಿಗಾಗಿಯೇ ಸಂಶೋಧನಾ ಕೇಂದ್ರವು ಏರ್ಪಟ್ಟಿತು. ಉಳಿದ ಭತ್ತದ ಮಟ್ಟಿಗೆ, 1966ರ ಐಆರ್-8 ಮತ್ತು 1968ರ ಜಯಾ ತಳಿಗಳೊಡನೆ ಗಿಡ್ಡ ಭತ್ತದ ಯುಗವು ಆರಂಭವಾಯಿತು. ಗೊಬ್ಬರಕ್ಕೂ ಕಟ್ಟಿದ ನೀರಿಗೂ ಓಗೊಡುವ ಈ ತಳಿಗಳು ದೇಶದ ಹಸಿವನ್ನು ತಗ್ಗಿಸಿದುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅವುಗಳೊಡನೆ ಇಳುವರಿಯೊಂದೇ ಅಳತೆಯಾಯಿತು. ದಿನ, ಹುಲ್ಲು, ದಿಬ್ಬ–ತಗ್ಗುಗಳ ಲೆಕ್ಕವು ಹಿಂದೆ ಸರಿಯಿತು.

ನೆರೆಯ ಕೊಲ್ಲಾಪುರ ಜಿಲ್ಲೆಯ ಉದಾಹರಣೆಯು ಇಲ್ಲಿ ಬೋಧಪ್ರದವಾಗಿದೆ. ಆಜರಾದ ಘನಸಾಳ ಎಂಬ ಪರಿಮಳದ ಅಕ್ಕಿಗೆ 2016ರಲ್ಲಿ ಭೌಗೋಳಿಕ ಗುರುತು ದೊರೆಯಿತು. 1987ರಲ್ಲಿ ಬಿಡುಗಡೆಯಾದ ಇಂದ್ರಾಯಣಿಯು ಹಳೆಯ ಆಂಬೆಮೋಹರ ಮತ್ತು ಐಆರ್-8ರ ಸಂಕರದಿಂದ ಹುಟ್ಟಿ, ಬೆಳಗಾವಿಯ ಗದ್ದೆಗಳಿಗೂ ಬಂದಿದೆ. ಹಳೆಯ ತಳಿಯು ಉಳಿದಿದ್ದುದರಿಂದಲೇ ಹೊಸದು ಸಾಧ್ಯವಾಯಿತೆಂಬುದು ಇದರ ಪಾಠ. ಆದರೆ ಇವೆರಡೂ ಉಳಿದದ್ದು ಗಂಧದ ಬಲದಿಂದ. ಎಂದರೆ ಸೋಮೇಶ್ವರನ ಪಟ್ಟಿಯ ಗಂಧಶಾಲಿಯ ಯೋಗ್ಯತೆಯಿಂದ. ಷಷ್ಟಿಕದ ಯೋಗ್ಯತೆಗೆ, ಬೇಗ ಮಾಗಿ ಬರಗಾಲವನ್ನು ದಾಟಿಸುವ ಗುಣಕ್ಕೆ, ಪೇಟೆಯಲ್ಲಿ ಬೆಲೆಯಿಲ್ಲ.

ಆ ಗುಣದ ಅವಶ್ಯಕತೆಯು ಮುಗಿದಿಲ್ಲ. 2019ರಲ್ಲಿ ಕೃಷ್ಣೆಯ ಮಹಾಪೂರವು ಇದೇ ಐದು ತಾಲೂಕುಗಳ ನದೀತೀರಗಳನ್ನು ಮುಳುಗಿಸಿತು. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ನಾಲ್ಕು ವರ್ಷಗಳ ಅಂತರದಲ್ಲಿ ಎರಡು ತುದಿಗಳನ್ನೂ ಕಾಣುವ ಸೀಮೆಗೆ ಒಂದೇ ಅಳತೆಯ ಬೀಜವು ಸಾಲದು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮವು ರೈತರ ತಳಿಗಳನ್ನು ದಾಖಲಿಸಲು ಅವಕಾಶವನ್ನು ಕಲ್ಪಿಸಿದೆ. ಆದರೆ ದಾಖಲೆಗೆ ಹೆಸರು ಬೇಕು, ಹೆಸರಿಗೆ ಕೇಳುವವರು ಬೇಕು. ಈ ಸೀಮೆಯ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಊರಿನ ಗದ್ದೆಗಳ ಹೆಸರು, ಅಲ್ಲಿ ಬಿತ್ತುತ್ತಿದ್ದ ಭತ್ತದ ಹೆಸರು, ಅದು ಮಾಗುತ್ತಿದ್ದ ಮಳೆಯ ಹೆಸರು, ಈ ಮೂರನ್ನು ಹಿರಿಯರಿಂದ, ವಿಶೇಷವಾಗಿ ಬೀಜ ಕಾಯ್ದ ಹೆಂಗಸರಿಂದ, ಕೇಳಿ ಬರೆದಿಟ್ಟರೆ ಕಂದಾಯದ ಲೆಕ್ಕಗಳು ಬಿಟ್ಟುಹೋದ ಅಧ್ಯಾಯವೊಂದು ಸಿದ್ಧವಾಗುತ್ತದೆ. ಶಾಸನವು ಕಲ್ಲಿನ ಮೇಲಿರುವುದರಿಂದ ನಮಗಾಗಿ ಕಾಯುತ್ತದೆ. ಬೀಜವಾದರೋ ಕೆಲವು ಮಳೆಗಾಲ ಬಿತ್ತದೆ ಉಳಿದರೆ ಮೊಳೆಯುವುದಿಲ್ಲ.