ಮಾದಕವಸ್ತು ನಿಯಂತ್ರಣ ಪ್ರಮಾಣೀಕರಣ

ಮಾದಕವಸ್ತು ನಿಯಂತ್ರಣ ಪ್ರಮಾಣೀಕರಣವು ಮಾದಕವಸ್ತು ಕಳ್ಳಸಾಗಣೆಯನ್ನು ತಡೆಯಲು ಇತರ ದೇಶಗಳು ನೀಡುವ ಸಹಕಾರಕ್ಕೆ ವಿದೇಶಿ ನೆರವನ್ನು ಜೋಡಿಸುವ ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನು ವ್ಯವಸ್ಥೆ. ಇದು 1986ರಲ್ಲಿ ರೂಪುಗೊಂಡಿತು. ಪ್ರಮುಖ ಉತ್ಪಾದಕ ಹಾಗೂ ಸಾಗಣೆ ದೇಶಗಳ ಪಟ್ಟಿಯನ್ನು ಅಧ್ಯಕ್ಷರು ಪ್ರತಿವರ್ಷ ಅಲ್ಲಿನ ಸಂಸತ್ತಿಗೆ ಸಲ್ಲಿಸುತ್ತಾರೆ. ಪ್ರಮಾಣೀಕರಣ ದೊರೆಯದ ದೇಶಕ್ಕೆ ಬಹುಪಾಲು ನೆರವು ನಿಲ್ಲುತ್ತದೆ. ವಿಶ್ವಬ್ಯಾಂಕಿನಂತಹ ಸಂಸ್ಥೆಗಳಲ್ಲಿ ಅದರ ಸಾಲದ ವಿರುದ್ಧ ಅಮೆರಿಕ ಮತ ಚಲಾಯಿಸುತ್ತದೆ. ಮಾನವೀಯ ನೆರವಿಗೆ ವಿನಾಯಿತಿ ಇದೆ.

1996 ಮತ್ತು 1997ರಲ್ಲಿ ಕೊಲಂಬಿಯಾಕ್ಕೆ ಪ್ರಮಾಣೀಕರಣವನ್ನು ನಿರಾಕರಿಸಲಾಯಿತು. ಮಾದಕವಸ್ತುಗಳನ್ನು ಹೆಚ್ಚಾಗಿ ಬಳಸುವ ದೇಶವೇ ಇತರರ ತೀರ್ಪುಗಾರನಾಗುವುದನ್ನು ಲ್ಯಾಟಿನ್ ಅಮೆರಿಕದ ಸರ್ಕಾರಗಳು ಟೀಕಿಸಿದವು. 2002ರ ತಿದ್ದುಪಡಿಯ ಬಳಿಕ, ಹೊಣೆ ನಿರ್ವಹಣೆಯಲ್ಲಿ ಸ್ಪಷ್ಟವಾಗಿ ವಿಫಲವಾದ ದೇಶಗಳನ್ನು ಮಾತ್ರ ಹೆಸರಿಸಲಾಗುತ್ತದೆ. ರಾಷ್ಟ್ರೀಯ ಹಿತಾಸಕ್ತಿಯ ಆಧಾರದಲ್ಲಿ ಅವುಗಳಿಗೂ ನೆರವು ಮುಂದುವರಿಸಲು ಅವಕಾಶವಿದೆ.

ಔಷಧ ತಯಾರಿಕೆಗಾಗಿ ಪರವಾನಗಿಯಡಿ ಅಫೀಮು ಬೆಳೆಯುವ ಭಾರತವೂ 2025ರ ಪಟ್ಟಿಯಲ್ಲಿತ್ತು. ಆದರೆ ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ಆ ದೇಶದ ಸರ್ಕಾರ ಸಹಕರಿಸುತ್ತಿಲ್ಲ ಎಂದರ್ಥವಲ್ಲ.