ಪಕ್ಷಿಗಳ ಶ್ವಾಸಮಾರ್ಗ: ಒಂದು ಶೋಧದ ಇತಿಹಾಸ

ಪಕ್ಷಿಯ ಶ್ವಾಸಕೋಶವು ಚಿಕ್ಕದು. ಪಕ್ಕೆಲುಬುಗಳಿಗೆ ಅಂಟಿಕೊಂಡು, ಉಸಿರಾಟದಲ್ಲಿ ಹೆಚ್ಚಾಗಿ ಹಿಗ್ಗದೆ ಕುಗ್ಗದೆ ಇರತಕ್ಕದ್ದು. ಹಾರಾಟಕ್ಕೆ ಬೇಕಾಗುವ ಪ್ರಾಣವಾಯುವೋ ಅತ್ಯಧಿಕ. ಇಷ್ಟು ಸಣ್ಣ ಅವಯವದಿಂದ ಅಷ್ಟು ದೊಡ್ಡ ಕಾರ್ಯವು ಹೇಗೆ ನಡೆಯುತ್ತದೆಂಬುದನ್ನು ತಿಳಿಯಲು ಪಾಶ್ಚಾತ್ಯ ಶಾಸ್ತ್ರಜ್ಞರಿಗೆ ಮೂರು ಶತಮಾನಗಳಿಗೂ ಮಿಕ್ಕ ಕಾಲ ಹಿಡಿಯಿತು. ಅವಯವಗಳು ಕಾಣದೆ ಇದ್ದುದು ಇದಕ್ಕೆ ಕಾರಣವಲ್ಲ. ಅವುಗಳೊಳಗೆ ಗಾಳಿಯು ಹರಿಯುವ ದಿಕ್ಕು ಕಾಣದೆ ಇದ್ದುದೇ ಕಾರಣ.

ರಕ್ತಪರಿಚಲನೆಯನ್ನು 1628ರಲ್ಲಿ ಪ್ರತಿಪಾದಿಸಿದ ಆಂಗ್ಲವೈದ್ಯ ವಿಲಿಯಂ ಹಾರ್ವೆಯು, ಪ್ರಾಣಿಗಳ ಉತ್ಪತ್ತಿಯನ್ನು ಕುರಿತ 1651ರ ತನ್ನ ಗ್ರಂಥದಲ್ಲಿ, ಪಕ್ಷಿಗಳ ಶ್ವಾಸಕೋಶದಲ್ಲಿ ರಂಧ್ರಗಳಿರುವುದನ್ನೂ ಅವುಗಳ ಮೂಲಕ ಗಾಳಿಯು ಉದರದ ಕಡೆಗೆ ಇಳಿಯುವುದನ್ನೂ ಹೇಳಿದ್ದಾನೆ. ಆ ಗಾಳಿಯು ಸೇರುವ ತೆಳುಪೊರೆಯ ಚೀಲಗಳೇ ವಾಯುಕೋಶಗಳು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನು 1774ರಲ್ಲಿ ಇವುಗಳ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದನು. ಆತನು ಕೋಳಿಯೊಂದರ ಶ್ವಾಸನಾಳವನ್ನು ಬಿಗಿದು ಕಟ್ಟಿ ರೆಕ್ಕೆಯ ತೋಳೆಲುಬನ್ನು ಕತ್ತರಿಸಲು, ಗಾಳಿಯು ಆ ಎಲುಬಿನ ಟೊಳ್ಳಿನಿಂದಲೇ ಶ್ವಾಸಕೋಶಕ್ಕೆ ಹೋಗಿ ಬರತೊಡಗಿತು! ಎಳೆಯ ಗಿಡುಗವೊಂದರ ತೊಡೆಯೆಲುಬಿನಲ್ಲಿಯೂ ಹೀಗೆಯೇ ಆಯಿತು. ಆದರೆ ಗಾಳಿಯು ಬಲು ಕಷ್ಟದಿಂದ ಸಂಚರಿಸಿದುದರಿಂದ ಅದು ಹೆಚ್ಚು ಹೊತ್ತು ಬದುಕಲಿಲ್ಲ. ಪ್ರಯೋಗವು ಕ್ರೂರವೆಂಬುದರಲ್ಲಿ ಸಂದೇಹವಿಲ್ಲ. ಎಲುಬಿಗೂ ಉಸಿರಿಗೂ ಇರುವ ಸಂಬಂಧವೇನೋ ಅದರಿಂದ ಸಿದ್ಧವಾಯಿತು. ಗಾಳಿಯು ಯಾವ ಕ್ರಮದಲ್ಲಿ ಹರಿಯುವುದೆಂಬುದು ಮಾತ್ರ ಸಿದ್ಧವಾಗಲಿಲ್ಲ. ಮೃತದೇಹವನ್ನು ಎಷ್ಟು ಛೇದಿಸಿದರೂ ಗಾಳಿಯ ಹಾದಿಯು ಅದರಲ್ಲಿ ಕಾಣದಷ್ಟೆ.

ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿದ್ದ ಕ್ನುಟ್ ಶ್ಮಿಟ್-ನೀಲ್ಸನನು ನಿಧಾನವಾಗಿ ಉಸಿರಾಡುವ ಉಷ್ಟ್ರಪಕ್ಷಿಯನ್ನು ಪರೀಕ್ಷೆಗೆ ಆರಿಸಿಕೊಂಡುದು ಜಾಣತನವೇ ಸರಿ. ಅದಕ್ಕೆ ಒಂದು ಉಸಿರು ಶುದ್ಧ ಪ್ರಾಣವಾಯುವನ್ನು ಕೊಟ್ಟಾಗ, ಅದು ಹಿಂದಣ ಕೋಶಗಳಲ್ಲಿ ಕೂಡಲೇ ಕಾಣಿಸಿತು. ಮುಂದಣ ಕೋಶಗಳಲ್ಲಿ ಮುಂದಿನ ಉಸಿರಿನವರೆಗೂ ಕಾಣಿಸಲಿಲ್ಲ. ಬ್ರೆಟ್ಸ್ ಎಂಬವನೊಡನೆ ಬಾತುಗಳಲ್ಲಿ ಗಾಳಿಯ ದಿಕ್ಕನ್ನೇ ಅಳೆದು 1971ರಲ್ಲಿ ಪ್ರಕಟಿಸಿದ ಫಲವೂ ಇದಕ್ಕೆ ಹೊಂದಿತು. ಒಳಕ್ಕೆ ಬಂದ ಗಾಳಿಯ ಬಹುಭಾಗವು ಮೊದಲು ಹಿಂದಣ ಕೋಶಗಳಿಗೆ ಹೋಗುತ್ತದೆ. ನಿಶ್ವಾಸದಲ್ಲಿ ಶ್ವಾಸಕೋಶವನ್ನು ಹಾಯುತ್ತದೆ. ಎರಡನೆಯ ಉಚ್ಛ್ವಾಸದಲ್ಲಿ ಮುಂದಣ ಕೋಶಗಳಿಗೆ ಸರಿದು, ಎರಡನೆಯ ನಿಶ್ವಾಸದಲ್ಲಿ ಹೊರಬೀಳುತ್ತದೆ. ಹೀಗೆ ಉಸಿರು ಒಳಹೊಕ್ಕಾಗಲೂ ಹೊರಬೀಳುವಾಗಲೂ ಶ್ವಾಸಕೋಶದ ಮುಖ್ಯಭಾಗದಲ್ಲಿ ಗಾಳಿಯು ಒಂದೇ ದಿಕ್ಕಿಗೆ ಹರಿಯುವುದು. ಇದಕ್ಕೆ ಮಾಂಸದ ಕವಾಟಗಳಿಲ್ಲ. ನಾಳಗಳ ರಚನೆಯೇ ದಿಕ್ಕನ್ನು ಕಾಯುತ್ತದೆ.

ಹೃದಯದ ವಿಷಯದಲ್ಲಿ ಇಷ್ಟು ವಿವಾದವಿರಲಿಲ್ಲ. ಸಮಾನಗಾತ್ರದ ಸಸ್ತನಿಗಿಂತ ಪಕ್ಷಿಯ ಹೃದಯವು ದೊಡ್ಡದು; ಅಮೆರಿಕದ ಝೇಂಕಾರಪಕ್ಷಿಗಳಲ್ಲಿ ಅದು ನಿಮಿಷಕ್ಕೆ 1,000ಕ್ಕೂ ಮಿಕ್ಕಿ ಮಿಡಿಯಬಲ್ಲುದು.

ಈ ವ್ಯವಸ್ಥೆಯ ಸಾಮರ್ಥ್ಯಕ್ಕೆ ನಿದರ್ಶನವು ಕನ್ನಡನಾಡಿನಲ್ಲಿಯೇ ದೊರೆಯುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ, ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ ಮುಂತಾದೆಡೆ ಮರಿಮಾಡತಕ್ಕವು. ಮಾನಸಸರೋವರಕ್ಕೆ ತೆರಳುವ ಹಂಸಗಳ ಕವಿಸಮಯವು ಇಲ್ಲಿ ನೆನಪಿಗೆ ಬರಬಹುದು. ಆದರೆ ಕವಿಗಳು ಹೇಳುವುದು ವರ್ಷಾಕಾಲದ ಪ್ರಯಾಣವನ್ನು, ಇವು ಮಳೆಗೆ ಮುನ್ನವೇ ಹೊರಡುವುವು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಈ ಜಾತಿಯ ಹಕ್ಕಿಯೊಂದು ಹಿಮಾಲಯಪ್ರಾಂತದಲ್ಲಿ 7,290 ಮೀಟರು ಎತ್ತರದಲ್ಲಿ ಹಾರಿದುದು ದಾಖಲಾಯಿತು. ಅಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಅರ್ಧಕ್ಕಿಂತಲೂ ಕಡಿಮೆ. ಅದರ ರಕ್ತದ ಹಿಮೋಗ್ಲೋಬಿನ್ನು ಬಯಲಿನ ಹೆಬ್ಬಾತುಗಳದಕ್ಕಿಂತ ಬಲವಾಗಿ ಪ್ರಾಣವಾಯುವನ್ನು ಹಿಡಿದುಕೊಳ್ಳುವುದರಿಂದ, ತೆಳುವಾದ ಗಾಳಿಯಿಂದಲೂ ದೇಹಕ್ಕೆ ಬೇಕಾದಷ್ಟು ಒದಗುತ್ತದೆ.