ಅಠಾರ ಕಚೇರಿ: ಚಿನ್ನದ ಪರವಾನಗಿಯಿಂದ ನ್ಯಾಯಪೀಠದವರೆಗೆ

ಕೋಲಾರದ ಚಿನ್ನದ ಇತಿಹಾಸವನ್ನು ಗಣಿಗಳಲ್ಲಿ ಮಾತ್ರ ಹುಡುಕುವುದು ರೂಢಿ. ಅದರ ಒಂದು ಅಧ್ಯಾಯವು ಬೆಂಗಳೂರಿನ ಅಠಾರ ಕಚೇರಿಗೆ, ಅಂದರೆ ಇಂದಿನ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡಕ್ಕೆ, ಸೇರಿದೆಯೆಂಬುದನ್ನು ಇಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವು ಬ್ರಿಟಿಷ್ ಕಮಿಷನರರ ಕೈಸೇರಿದ ಮೇಲೆ, ಸರ್ಕಾರಿ ಕಚೇರಿಗಳು ಬೆಂಗಳೂರಿನಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ ನಡೆಯುತ್ತಿದ್ದುವು. ಸ್ಥಳ ಸಾಲದಾಗಿ, ಬೌರಿಂಗ್ ಕಮಿಷನರನಾಗಿದ್ದಾಗ 1864ರಲ್ಲಿ ಆರಂಭವಾದ ಹೊಸ ಕಟ್ಟಡವು 1868ರಲ್ಲಿ ಮುಗಿಯಿತು. ಹದಿನೆಂಟು ಇಲಾಖೆಗಳಿಗೆ ನೆಲೆಯಾದುದರಿಂದ ಹಿಂದೂಸ್ತಾನಿಯ 'ಅಠಾರ' ಎಂಬ ಸಂಖ್ಯಾವಾಚಕವೇ ಅದರ ಹೆಸರಾಯಿತು. ಜನರ ಬಾಯಲ್ಲಿ ಅದು 'ಅಟ್ಟಾರ' ಎಂದೂ ಆಗಿದೆ. ಮಧ್ಯಯುಗದ ಶಾಸನಗಳು ನ್ಯಾಯಾಡಳಿತಕ್ಕೆ ಬಳಸುವ 'ಧರ್ಮಾಧಿಕರಣ'ದ ಪಕ್ಕದಲ್ಲಿ ಈ ಪದವನ್ನಿಟ್ಟು ನೋಡಿದರೆ, ಆಡಳಿತದ ಭಾಷೆ ಎಷ್ಟು ದೂರ ಸಾಗಿತೆಂಬುದು ಮನದಟ್ಟಾಗುತ್ತದೆ.

ಇನ್ನು ಚಿನ್ನದ ವಿಷಯ. ಸರ್ವೇಕ್ಷಣೆಗೆ ಬಂದ ಜಾನ್ ವಾರನ್ 1802ರಲ್ಲಿ ಕೋಲಾರ ಸೀಮೆಯ ಊರಿಗಾಂ, ಮಾರಿಕುಪ್ಪಂ ಭಾಗಗಳಲ್ಲಿ ಹಳ್ಳಿಗರು ಚಿನ್ನ ತೆಗೆಯುತ್ತಿದ್ದುದನ್ನು ಕಂಡನು. ಅವನ ಬರಹದಿಂದ ಪ್ರೇರಿತನಾದ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ ಗಣಿಗಾರಿಕೆಯ ಹಕ್ಕನ್ನು ಪಡೆದನು. ಆಗ ಸರ್ಕಾರದ ಕಚೇರಿಗಳಿದ್ದುದು ಈ ಕಟ್ಟಡದಲ್ಲಿಯೇ. 1881ರಲ್ಲಿ ಸಂಸ್ಥಾನವು ಅರಸರ ವಶಕ್ಕೆ ಮರಳುವ ಹೊತ್ತಿಗೆ ಜಾನ್ ಟೇಲರ್ ಮತ್ತು ಮಕ್ಕಳ ಕಂಪನಿಯು ಗಣಿಪ್ರದೇಶವನ್ನು ಪ್ರವೇಶಿಸಿತ್ತು. ಹಳ್ಳಿಗರು ತಲೆತಲಾಂತರದಿಂದ ಬಲ್ಲ ಚಿನ್ನದ ಮೇಲಿನ ಹಕ್ಕು ಅವರ ಅರಿವಿನಿಂದಲ್ಲ, ಕಾಗದದಿಂದ ನಿರ್ಧಾರವಾದುದು ಇಲ್ಲಿ ಗಮನಾರ್ಹ.

1956ರಲ್ಲಿ ವಿಧಾನಸೌಧವು ಸಿದ್ಧವಾಗಿ ಸಚಿವಾಲಯವು ಅಲ್ಲಿಗೆ ಹೋದ ಮೇಲೆ ಅಠಾರ ಕಚೇರಿಯು ನ್ಯಾಯಾಲಯಕ್ಕೇ ಮೀಸಲಾಯಿತು. 1982ರಲ್ಲಿ ಅದನ್ನು ಕೆಡಹುವ ಪ್ರಸ್ತಾಪ ಬಂದಾಗ ನಾಗರಿಕರು ವಿರೋಧಿಸಿದರು. ಕಟ್ಟಡದ ಅಳಿವು ಉಳಿವಿನ ವಿಚಾರಣೆಯು ಅದೇ ಕಟ್ಟಡದೊಳಗೆ ನಡೆಯಿತು. ಕೊನೆಗೆ ಕಟ್ಟಡವು ಉಳಿದುಕೊಂಡಿತು.

ಕೋಲಾರದ ಗಣಿಗಳಿಗೆ ಆ ಭಾಗ್ಯ ಒದಗಲಿಲ್ಲ. 2001ರಲ್ಲಿ ಅವು ಮುಚ್ಚಿದುವು. ಪೀಳಿಗೆಗಳಿಂದ ನೆಲದಡಿಯಲ್ಲಿ ದುಡಿದ ಕಾರ್ಮಿಕ ಕುಟುಂಬಗಳು ಜೀವನಾಧಾರ ಕಳೆದುಕೊಂಡುವು. ಅಪ್ಪಣೆ ಕೊಟ್ಟ ಕಚೇರಿಯು ಸ್ಮಾರಕವಾಗಿ ಉಳಿದಿರಲು, ಚಿನ್ನ ತೆಗೆದವರ ನೆನಪಿಗೆ ಅಂತಹ ರಕ್ಷಣೆ ಯಾವುದು? ಹೊರನಾಡಿನ ಸಂಶೋಧಕರು ಈ ಕಟ್ಟಡದ ಮುಂದೆ ನಿಂತಾಗ ಕೇಳಬೇಕಾದ ಪ್ರಶ್ನೆ ಇದೆಂದು ನಾವು ಭಾವಿಸುತ್ತೇವೆ.